ಕೈಯಾರೆ ಮಾಡಿದ ಬಹುಮಾನ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪಾಧ್ಯಾಯರ ಹಾಗೂ ಧರ್ಮೋಪದೇಶಕರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭವರ್ಷದಲ್ಲಿ ಹಿರಿಯರ ಸೇವೆಯನ್ನು ಸ್ಮರಿಸುವ ಭಾಷಣಗಳು ಹಲವು ನಡೆದಿವೆ. ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯವೇ ಸರಿ. ಆದರೆ ಈ ದೇವಾಲಯದ ಎರಡನೆಯ ಶತಮಾನವನ್ನು ಕಟ್ಟಬೇಕಾದವರು ಈಗ ಒಂದನೆಯ ಎರಡನೆಯ ತರಗತಿಗಳಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಬಳಪ ಹಿಡಿದಿದ್ದಾರೆ. ಅವರ ವಿಷಯವಾಗಿ ನಾಲ್ಕು ಮಾತನಾಡಲು ನನಗೆ ಈ ಹೊತ್ತು ಅವಕಾಶವಿತ್ತಿದ್ದೀರಿ. ನಾನು ಆರಿಸಿಕೊಂಡ ವಿಷಯ ಬಹಳ ಚಿಕ್ಕದು. ತರಗತಿಯಲ್ಲಿ ಒಳ್ಳೆಯ ನಡತೆ ತೋರಿದ ಮಗುವಿಗೆ, ಹಣ ಖರ್ಚು ಮಾಡದೆ, ನಮ್ಮ ಕೈಯಾರೆ ತಯಾರಿಸಿದ ಬಹುಮಾನವೊಂದನ್ನು ಕೊಡುವುದು ಹೇಗೆ ಎಂಬುದೇ ಆ ವಿಷಯ.

"ಇಷ್ಟು ಅಲ್ಪ ಸಂಗತಿಗೆ ಒಂದು ಭಾಷಣವೇ?" ಎಂದು ತಾವು ಕೇಳಬಹುದು. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದದ್ದರಿಂದ ಒಂದು ಮಗುವಿಗೆ ನನ್ನಿಂದ ಅನ್ಯಾಯವಾಯಿತು. ಅದನ್ನು ತಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆನೆಂದರೂ ತಪ್ಪಾಗದು. ಆ ಮಾತು ಮುಂದೆ ಬರುತ್ತದೆ.

ಮೊದಲು ನಾವು ಎಲ್ಲಿಂದ ಬಂದವರೆಂಬುದನ್ನು ನೆನೆಯೋಣ. ನಮ್ಮ ಅಜ್ಜಂದಿರು ಓದಿದ್ದು ಕೂಲಿಮಠಗಳಲ್ಲಿ. ಅಲ್ಲಿ ಕೋದಂಡವಿತ್ತು, ಛಡಿಯಿತ್ತು, ಬಸ್ಕಿಯಿತ್ತು, ಕಿವಿ ಹಿಂಡುವುದಂತೂ ಲೆಕ್ಕಕ್ಕೇ ಇರಲಿಲ್ಲ. "ದಂಡಂ ದಶಗುಣಂ" ಎಂಬ ಮಾತು ಉಪಾಧ್ಯಾಯರ ಬಾಯಲ್ಲಿ ಮಂತ್ರದಂತೆ ನಿಂತಿತ್ತು. ನನ್ನ ಬಾಲ್ಯದ ಶಾಲೆಯಲ್ಲಿಯೂ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಬೆತ್ತಕ್ಕೆ ಒಂದು ಖಾಯಂ ಸ್ಥಾನವಿತ್ತು. ಈಗ ಕಾನೂನು ಆ ಸ್ಥಾನವನ್ನು ತೆರವು ಮಾಡಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿದೆ. ಆ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಬೆತ್ತ ಹೋಯಿತು, ಒಳ್ಳೆಯದಾಯಿತು. ಆದರೆ ಅದು ಇದ್ದ ಜಾಗ ಬರಿದಾಗಿ ಉಳಿದಿದೆ ಎಂದು ಅನೇಕ ಉಪಾಧ್ಯಾಯರು ನನ್ನೊಡನೆ ಹೇಳಿಕೊಂಡಿದ್ದಾರೆ. "ಫಾದರ್, ಹೊಡೆಯುವಂತಿಲ್ಲ, ಬೈಯುವಂತಿಲ್ಲ, ನಲವತ್ತು ಮಕ್ಕಳನ್ನು ಹಿಡಿದಿಡುವುದು ಹೇಗೆ?" ಎಂದು ಅವರು ಕೇಳುವಾಗ ಅದರಲ್ಲಿ ನಿಜವಾದ ಸಂಕಟವಿದೆ. ಪಟ್ಟಣದ ದೊಡ್ಡ ಶಾಲೆಗಳವರು ಹೊಳೆಯುವ ನಕ್ಷತ್ರದ ಚೀಟಿಗಳನ್ನೂ ಬಣ್ಣದ ಬಿಲ್ಲೆಗಳನ್ನೂ ಅಂಗಡಿಯಿಂದ ತಂದು ಹಂಚುತ್ತಾರೆ. ಚಳ್ಳಕೆರೆ ಸೀಮೆ ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಒಂದು. ಶೇಂಗಾ ಕೈ ಕೊಟ್ಟ ವರ್ಷ ಇಲ್ಲಿ ನೋಟುಪುಸ್ತಕಕ್ಕೇ ಕಾಸಿರುವುದಿಲ್ಲ. ನನ್ನಿವಾಳದ ಕಡೆಯ ಹಟ್ಟಿಗಳಲ್ಲಿ, ತಾಂಡಾಗಳಲ್ಲಿ, ಮೊಳಕಾಲ್ಮೂರಿನ ನೇಕಾರರ ಕೇರಿಗಳಲ್ಲಿ ಪಾಠ ಹೇಳುವವರು ಇಲ್ಲಿ ಕುಳಿತಿದ್ದೀರಿ. ತಮ್ಮ ಸಂಬಳದಿಂದ ಬಹುಮಾನ ಕೊಂಡು ತನ್ನಿರೆಂದು ಹೇಳುವ ಧೈರ್ಯ ನನಗಿಲ್ಲ. ಹೇಳಬೇಕಾದ ಅವಶ್ಯಕತೆಯೂ ಇಲ್ಲ.

ಈಗ ನನ್ನ ತಪ್ಪಿನ ಮಾತು. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನಿನ್ನೂ ಎಳೆಯ ಗುರುವಾಗಿದ್ದಾಗ, ಒಂದು ಹಳ್ಳಿಯ ಶಾಲೆಯ ಮೇಲ್ವಿಚಾರಣೆ ನನಗೆ ಬಂದಿತು. ಮಕ್ಕಳು ಶಾಲೆ ತಪ್ಪಿಸುವುದು ಅಲ್ಲಿ ಬಲು ಹೆಚ್ಚು. ಅದನ್ನು ನಿಲ್ಲಿಸಲು ನಾನೊಂದು ಉಪಾಯ ಹೂಡಿದೆ. ವರ್ಷದಲ್ಲಿ ಒಂದು ದಿನವೂ ತಪ್ಪದೆ ಬಂದ ಮಕ್ಕಳಿಗೆ ವಾರ್ಷಿಕೋತ್ಸವದಲ್ಲಿ ಒಂದೊಂದು ಸ್ಟೀಲಿನ ಲೋಟ ಎಂದು ಸಾರಿದೆ. ಆ ವರ್ಷ ಐದು ಮಕ್ಕಳು ಲೋಟ ಪಡೆದರು. ಚಪ್ಪಾಳೆಯಾಯಿತು. ನನಗೂ ಸಂತೋಷವಾಯಿತು.

ನಾಲ್ಕನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ದೀಪಾವಳಿಯ ಆಸುಪಾಸಿನಲ್ಲಿ ಶೇಂಗಾ ಕೀಳುವ ಹಂಗಾಮು. ಅವಳ ತಾಯಿ ಕೂಲಿಗೆ ಹೋದ ಹನ್ನೊಂದು ದಿನ ಅವಳು ಮನೆಯಲ್ಲಿ ಕೂಸನ್ನು ನೋಡಿಕೊಂಡಿದ್ದಳು. ಉಳಿದ ಎಲ್ಲ ದಿನಗಳಲ್ಲಿ ಅವಳೇ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಯಾರೂ ಹೇಳದೆ ಅಂಗಳ ಗುಡಿಸಿ, ಕುಡಿಯುವ ನೀರಿನ ಗಡಿಗೆಯನ್ನು ತುಂಬಿಡುತ್ತಿದ್ದಳು. ಲೋಟ ಹಂಚುವಾಗ ಅವಳೂ ಜೋರಾಗಿಯೇ ಚಪ್ಪಾಳೆ ತಟ್ಟಿದಳು. ಸಮಾರಂಭ ಮುಗಿದು ನಾನು ಬಾಗಿಲ ಬಳಿ ನಿಂತಿದ್ದಾಗ ಬಂದು, ದೂರಿನ ದನಿಯಲ್ಲಲ್ಲ, ಲೆಕ್ಕದ ಸಂದೇಹ ಕೇಳುವವಳಂತೆ ಕೇಳಿದಳು: "ಫಾದರ್, ನಾನ್ ಬಂದ ದಿನಕ್ಕೆ ಏನೂ ಇಲ್ವಾ?"

ನಾನು ಹೇಳಿದ್ದು ಇಷ್ಟೇ: "ಮುಂದಿನ ವರ್ಷ ಒಂದು ದಿನವೂ ತಪ್ಪಿಸಬೇಡಮ್ಮ." ಮುಂದಿನ ಜೂನ್ ತಿಂಗಳಲ್ಲಿ ಅವಳು ಶಾಲೆಗೆ ಬರಲಿಲ್ಲ. ಒಂದು ಲೋಟ ಸಿಗದಿದ್ದುದರಿಂದಲೇ ಅವಳು ಶಾಲೆ ಬಿಟ್ಟಳೆಂದು ನಾನು ಹೇಳಲಾರೆ. ಬಡತನಕ್ಕೆ ಅದರದೇ ಕಾರಣಗಳಿರುತ್ತವೆ. ಆದರೆ ಅವಳು ಬಂದ ದಿನಗಳನ್ನು ನಾನು ಕಂಡಿದ್ದೆನೆಂದು ಅವಳಿಗೆ ಹೇಳಲು ನನಗಿದ್ದ ಕಾಲ ಆ ಒಂದು ವರ್ಷವೇ ಆಗಿತ್ತು. ನಾನು ಹೇಳಲಿಲ್ಲ. ಹೇಳಲು ನನಗೆ ಒಂದು ಪೈಸೆಯೂ ಖರ್ಚಾಗುತ್ತಿರಲಿಲ್ಲ.

ಬಹುಮಾನವೆಂದರೇನೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕೂಲಿ ಎಂದರೆ ದುಡಿಮೆಗೆ ಕೊಡುವ ಬೆಲೆ. ಲಂಚವೆಂದರೆ ಮುಂದೆ ಮಾಡಿಸಿಕೊಳ್ಳಬೇಕಾದ ಕೆಲಸಕ್ಕೆ ಹಾಕುವ ಗಾಳ. ಬಹುಮಾನ ಇವೆರಡಕ್ಕೂ ಸೇರಿದ್ದಲ್ಲ. ಆ ಪದದೊಳಗೇ ಅದರ ಅರ್ಥವಿದೆ: ಬಹು ಮಾನ, ಹೆಚ್ಚಿನ ಮರ್ಯಾದೆ. "ಮಗೂ, ನೀನು ಮಾಡಿದ್ದನ್ನು ನಾನು ಕಂಡೆ, ಅದು ಒಳ್ಳೆಯದು" ಎಂದು ಹಿರಿಯರೊಬ್ಬರು ಕೊಡುವ ಸಾಕ್ಷಿಯೇ ಬಹುಮಾನ. ವಸ್ತು ಆ ಸಾಕ್ಷಿಯನ್ನು ಹೊತ್ತು ತರುವ ಪಾತ್ರೆ ಮಾತ್ರ. ಪಾತ್ರೆ ಚಿನ್ನದ್ದಾಗಬೇಕಿಲ್ಲ. ಕಾಗದದ್ದಾದರೂ ಸಾಕು.

ನಮ್ಮ ಸೀಮೆಯ ಬಂಡೆಗಳೇ ಈ ಮಾತಿಗೆ ಸಾಕ್ಷಿ ನುಡಿಯುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆಯೆಂಬುದು ತಮಗೆಲ್ಲ ತಿಳಿದ ವಿಷಯ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಹಿರಿಯರಿಗೆ ವಿಧೇಯನಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬೋಧೆ ಅದರಲ್ಲಿದೆ. ಅದಕ್ಕೂ ಮೊದಲು ಬರುವ ಇನ್ನೊಂದು ಮಾತಿನ ಕಡೆಗೆ ಉಪಾಧ್ಯಾಯರ ಗಮನ ಸೆಳೆಯಬಯಸುತ್ತೇನೆ. ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವನೂ ಶ್ರದ್ಧೆಯಿಂದ ದುಡಿದರೆ ಮಹತ್ತಾದ ಸ್ವರ್ಗವನ್ನು ಪಡೆಯಬಲ್ಲನೆಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಕಲ್ಲಿನ ಮೇಲೆ ಕೆತ್ತಿದ ಈ ಮಾತು ಇಂದಿಗೂ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗಾಗಿ ಕಾದಿದೆ.

ಶ್ರೀಸಭೆಯ ಶಿಕ್ಷಣ ಪರಂಪರೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಬಡಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆದ ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರನ್ನು 1950ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಉಪಾಧ್ಯಾಯರ ಪಾಲಕ ಸಂತರೆಂದು ಘೋಷಿಸಿದರು. ಶಾಲೆ ನಡೆಸುವ ಕ್ರಮವನ್ನು ಕುರಿತ ಅವರ ಗ್ರಂಥ 1720ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಚ್ಚಾಯಿತು. ಅದರಲ್ಲಿ ಬಹುಮಾನಗಳ ಪ್ರಕರಣವೊಂದಿದೆ. ಬಹುಮಾನಗಳು ಮೂರು ಬಗೆ: ಭಕ್ತಿಗೆ, ಪರಿಶ್ರಮಕ್ಕೆ, ಸಾಮರ್ಥ್ಯಕ್ಕೆ. ಭಕ್ತಿಗೆ ಕೊಡುವುದು ಎಲ್ಲಕ್ಕಿಂತ ಚೆನ್ನಾಗಿರಬೇಕು, ಪರಿಶ್ರಮಕ್ಕೆ ಕೊಡುವುದು ಸಾಮರ್ಥ್ಯಕ್ಕೆ ಕೊಡುವುದಕ್ಕಿಂತ ಮೇಲಿರಬೇಕು ಎಂದು ಅವರು ವಿಧಿಸಿದರು. ಗಮನಿಸಿ: ಬುದ್ಧಿವಂತನಿಗೆ ಕೊನೆಯ ಸ್ಥಾನ. ನಾವು ನಮ್ಮ ಶಾಲೆಗಳಲ್ಲಿ ಮಾಡುತ್ತಿರುವುದು ನೇರ ತಿರುವುಮುರುವು. ಮೊದಲ ಮೂರು ರ್‍ಯಾಂಕಿನವರಿಗೆ ಎಲ್ಲವನ್ನೂ ಕೊಟ್ಟು, ಗಡಿಗೆಗೆ ನೀರು ತುಂಬಿದವಳಿಗೆ ಬರಿಗೈ ತೋರಿಸುತ್ತೇವೆ.

ಸಂತ ಜಾನ್ ಬಾಸ್ಕೊ ಅವರು ತಮ್ಮ ನಿವಾರಕ ಪದ್ಧತಿಯನ್ನು ಕುರಿತು 1877ರಲ್ಲಿ ಬರೆದ ಚಿಕ್ಕ ಪ್ರಬಂಧದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಚೆನ್ನಾಗಿ ಮಾಡಿದಾಗ ಮೆಚ್ಚುವುದು ತಾನೇ ಒಂದು ಬಹುಮಾನವೆಂಬುದು ಅವರ ಅಭಿಪ್ರಾಯ. ಟುರಿನ್ ನಗರದ ಬೀದಿಯ ಹುಡುಗರನ್ನು ಕಟ್ಟಿಕೊಂಡು ದುಡಿದ ಆ ಮಹನೀಯರ ಬಳಿ ಹಂಚಲು ಬೇರೇನೂ ಹೆಚ್ಚಾಗಿ ಇರಲಿಲ್ಲವೆಂಬುದನ್ನೂ ನೆನೆಯಬೇಕು.

ಆದರೆ, ಬಂಧುಗಳೇ, ಎಚ್ಚರಿಕೆಯ ಎರಡು ಮಾತುಗಳನ್ನು ಹೇಳದೆ ಮುಂದೆ ಹೋಗಲಾರೆ. ಮೊದಲನೆಯದು ಮಾರಿಯಾ ಮಾಂಟೆಸ್ಸೊರಿ ಅವರಿಂದ. 1939ರಲ್ಲಿ ನಮ್ಮ ದೇಶಕ್ಕೆ ಬಂದು ಯುದ್ಧಕಾಲದಲ್ಲಿ ಇಲ್ಲಿಯೇ ನೆಲೆಸಿ ಉಪಾಧ್ಯಾಯರಿಗೆ ತರಬೇತಿ ಕೊಟ್ಟ ಆ ತಾಯಿ, ತಮ್ಮ ಶಾಲೆಯಲ್ಲಿ ಕಂಡ ಒಂದು ದೃಶ್ಯವನ್ನು ಬರೆದಿಟ್ಟಿದ್ದಾರೆ. ಎದೆಯ ಮೇಲೆ ಬಹುಮಾನದ ಪದಕ ಧರಿಸಿದ ಮಗುವೊಂದು ಕುರ್ಚಿಯಲ್ಲಿ ಸುಮ್ಮನೆ ಕುಳಿತಿತ್ತು. ವಿಚಾರಿಸಿದರೆ ಆ ಮಗುವಿಗೆ ಆಗಿದ್ದುದು ಶಿಕ್ಷೆ! ಪದಕ ಗಳಿಸಿದ್ದು ಬೇರೊಂದು ಮಗು. ತನ್ನ ಕೆಲಸದಲ್ಲಿ ಮುಳುಗಿದ್ದ ಅದಕ್ಕೆ ಪದಕ ಒಂದು ಅಡಚಣೆಯಾಗಿ ತೋರಿ, ಕುರ್ಚಿಯಲ್ಲಿ ಕುಳಿತವನಿಗೆ ಕೊಟ್ಟು ಹೋಗಿತ್ತು. ಕೆಲಸದಲ್ಲಿ ಸುಖ ಕಂಡ ಮಗುವಿಗೆ ಪದಕ ಬೇಕಾಗುವುದಿಲ್ಲವೆಂಬುದು ಈ ಕಥೆಯ ಸಾರ.

ಎರಡನೆಯದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಚಿತ್ರ ಬಿಡಿಸುವುದರಲ್ಲಿ ಆಸೆಯಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಮೊದಲು ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ ಗುಂಪಿನ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಅನಿರೀಕ್ಷಿತವಾಗಿ ಪಡೆದ ಮಕ್ಕಳ ಆಸೆ ಕುಂದಿರಲಿಲ್ಲ. ನನ್ನ ಸ್ಟೀಲಿನ ಲೋಟದ ತಪ್ಪು ಇಲ್ಲಿಯೇ ಬಯಲಾಗುತ್ತದೆ. ಮೊದಲೇ ಸಾರಿ, ಷರತ್ತು ಹಾಕಿ, ಬಹುಮಾನವನ್ನು ನಾನು ಕೂಲಿಯನ್ನಾಗಿ ಮಾಡಿದ್ದೆ.

ಈಗ ಕೈಕೆಲಸಕ್ಕೆ ಬರೋಣ. ನಾನು ಕಂಡು, ಮಾಡಿ, ಮಾಡಿಸಿ ನೋಡಿದ ಐದು ವಸ್ತುಗಳನ್ನು ಹೇಳುತ್ತೇನೆ.

ಮೊದಲನೆಯದು ಮೆಚ್ಚುಗೆಯ ಚೀಟಿ. ಪ್ರತಿ ಮನೆಗೂ ಲಗ್ನಪತ್ರಿಕೆಗಳು ಬರುತ್ತವೆ, ಮದುವೆ ಮುಗಿದ ಮೇಲೆ ಮೂಲೆ ಸೇರುತ್ತವೆ. ಅವುಗಳ ಖಾಲಿ ಬೆನ್ನನ್ನು ಅಂಗೈಯಗಲಕ್ಕೆ ಕತ್ತರಿಸಿ. ದಪ್ಪ ಕಾಗದ, ಅಂಚಿನಲ್ಲಿ ಚಿನ್ನದ ಬಣ್ಣವೂ ಇರುತ್ತದೆ. ಅದರ ಮೇಲೆ ಎರಡೇ ಸಾಲು, ಮಾಡಿದ ಕೆಲಸವನ್ನು ಹೆಸರಿಸಿ ಬರೆಯಿರಿ. "ಜಾಣೆ", "ಒಳ್ಳೆಯ ಹುಡುಗ" ಎಂದು ಬರೆಯಬೇಡಿ. "ಇಂದು ಬಿದ್ದ ಗೆಳತಿಯ ಗಾಯ ತೊಳೆದೆ" ಎಂದು ಬರೆಯಿರಿ. "ಕಳೆದುಹೋದ ಎರಡು ರೂಪಾಯಿ ಸಿಕ್ಕಾಗ ತಂದುಕೊಟ್ಟೆ" ಎಂದು ಬರೆಯಿರಿ. ಮಗುವಿಗೆ ತಾನು ಯಾವುದನ್ನು ಮತ್ತೆ ಮಾಡಬೇಕೆಂಬುದು ಆಗ ತಿಳಿಯುತ್ತದೆ.

ಎರಡನೆಯದು ನಕ್ಷತ್ರದ ಮುದ್ರೆ. ಬಲಿತ ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿದರೆ ಐದು ಮೂಲೆಯ ನಕ್ಷತ್ರ ಸಿದ್ಧವಾಗಿಯೇ ಇರುತ್ತದೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಅದ್ದಿ ಒತ್ತಿದರೆ ಹಳದಿಯ ನಕ್ಷತ್ರ. ಅದಕ್ಕೆ ಚಿಟಿಕೆ ಸುಣ್ಣದ ತಿಳಿ ಸೇರಿದರೆ ಕೆಂಪು. ಸುಣ್ಣ ಕಣ್ಣಿಗೆ ಅಪಾಯವಾದ್ದರಿಂದ ಆ ಕೆಲಸವನ್ನು ದೊಡ್ಡವರೇ ಮಾಡಬೇಕು. ಬಣ್ಣ ಬಿಸಿಲಿಗೆ ಮಾಸುತ್ತದೆ, ಆದ್ದರಿಂದ ಪುಸ್ತಕದ ಒಳಪುಟದಲ್ಲಿ ಒತ್ತಿರಿ. ಅಂಟಿಸುವ ಕೆಲಸವಿದ್ದರೆ ಎರಡು ಚಮಚ ಮೈದಾ, ಅರ್ಧ ಲೋಟ ನೀರು, ಸಣ್ಣ ಉರಿ. ಗಂಟಾಗದಂತೆ ಕೈಯಾಡಿಸಿದರೆ ಅಂಟು ಸಿದ್ಧ. ಹುಳು ಬೀಳದಿರಲೆಂದು ಹಿಂದಿನವರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ, ಬೇಡ. ಬೇಕಾದಷ್ಟನ್ನೇ ಆಗಾಗ ಮಾಡಿಕೊಳ್ಳಿ.

ಮೂರನೆಯದು ಬೀಜದ ಸೀಸೆ. ಇದು ಒಬ್ಬರದಲ್ಲ, ಇಡೀ ತರಗತಿಯದು. ಹುಣಸೆಹಣ್ಣು ಬಿಡಿಸುವ ಕಾಲದಲ್ಲಿ ಬೀಜ ಮನೆಮನೆಯಲ್ಲಿ ರಾಶಿ ಬೀಳುತ್ತದೆ. ಹಳೆಯ ಹಾರ್ಲಿಕ್ಸ್ ಸೀಸೆಯೊಂದನ್ನು ಮೇಜಿನ ಮೇಲಿಡಿ. ಯಾರಾದರೂ ಒಳ್ಳೆಯದನ್ನು ಮಾಡಿದಾಗ, ಮಾಡಿದವರಲ್ಲ, ಅದನ್ನು ಕಂಡ ಇನ್ನೊಂದು ಮಗು ಎದ್ದು ಬಂದು ಹೇಳಿ ಒಂದು ಬೀಜ ಹಾಕಲಿ. ಸೀಸೆ ತುಂಬಿದ ದಿನ ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ಎಲ್ಲರಿಗೂ ಕಥೆ. ಚಾಡಿ ಹೇಳಲು ಏಳುತ್ತಿದ್ದ ಮಕ್ಕಳು ಒಳ್ಳೆಯದನ್ನು ಹೇಳಲು ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕನೆಯದು ನೂಲಿನ ಗೊಂಡೆ. ಚಳ್ಳಕೆರೆ ಕಡೆಯ ಕಂಬಳಿ ಮಗ್ಗಗಳಲ್ಲಿ ಉಣ್ಣೆಯ ತುಂಡುನೂಲು, ಮೊಳಕಾಲ್ಮೂರಿನ ಮಗ್ಗಗಳಲ್ಲಿ ಬಣ್ಣದ ರೇಷ್ಮೆಯ ತುಂಡು ಬಿದ್ದಿರುತ್ತದೆ. ಕೇಳಿದರೆ ನೇಕಾರರು ಸಂತೋಷದಿಂದ ಕೊಡುತ್ತಾರೆ. ಮೂರು ಬೆರಳಿಗೆ ಇಪ್ಪತ್ತು ಸುತ್ತು ಸುತ್ತಿ, ನಡುವೆ ಕಟ್ಟಿ, ತುದಿ ಕತ್ತರಿಸಿದರೆ ಗೊಂಡೆಯಾಯಿತು. ರಟ್ಟಿನ ಪಟ್ಟಿಗೆ ಕಟ್ಟಿದರೆ ಪುಸ್ತಕದಲ್ಲಿಡುವ ಗುರುತು. ಅದನ್ನು ಪಡೆದ ಮಗುವಿನ ತಂದೆಯ ಮಗ್ಗದ ನೂಲೇ ಅದರಲ್ಲಿರಬಹುದು. ತನ್ನ ಮನೆಯ ಕಸುಬು ಶಾಲೆಯಲ್ಲಿ ಮರ್ಯಾದೆ ಪಡೆದುದನ್ನು ಆ ಮಗು ಕಾಣುತ್ತದೆ.

ಐದನೆಯದಕ್ಕೆ ವಸ್ತುವೇ ಬೇಡ. ಅದು ಹೊಣೆ. ಗಂಟೆ ಬಾರಿಸುವುದು, ಪ್ರಾರ್ಥನೆಯ ವೇಳೆಯಲ್ಲಿ ಪತ್ರಿಕೆಯ ಸುದ್ದಿ ಓದುವುದು, ಒಂದು ಸಸಿಯನ್ನು ತನ್ನದೆಂದು ಸಾಕುವುದು. ತುಂಟನೆಂದು ಹೆಸರಾದ ಹುಡುಗನಿಗೆ ಗಂಟೆ ಒಪ್ಪಿಸಿ ನೋಡಿ. ನಂಬಿಕೆಗಿಂತ ದೊಡ್ಡ ಬಹುಮಾನವಿಲ್ಲ.

ಪೆಪ್ಪರ್‌ಮಿಂಟು, ಚಾಕೊಲೇಟುಗಳನ್ನು ನಾನು ಹೇಳಲಿಲ್ಲ. ಅವು ನಾಲಿಗೆಯ ಮೇಲೆ ಕರಗಿದಷ್ಟೇ ಬೇಗ ನೆನಪಿನಿಂದಲೂ ಕರಗುತ್ತವೆ. ಹಲ್ಲಿಗೂ ಕೆಡುಕು.

ಇವೆಲ್ಲ ನನ್ನೊಬ್ಬನ ಕಲ್ಪನೆಯೆಂದು ತಿಳಿಯಬೇಡಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಉಪಾಧ್ಯಾಯರೇ ದಾರಿ ತೋರಿದ್ದಾರೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿಯನ್ನು ತಾವು ಬಲ್ಲಿರಿ. ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಉಪಾಧ್ಯಾಯರು ತಾವೇ ಕುಳಿತು ಕಾರ್ಡುಗಳನ್ನು ತಯಾರಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ ವ್ಯಾಪಿಸಿತು. ಅದರಲ್ಲಿ ಎರಡು ಸಂಗತಿಗಳು ನನಗೆ ಅಚ್ಚುಮೆಚ್ಚು. ಒಂದು, ಕಲಿಕಾ ಏಣಿ. ಮಗು ತಾನು ನಿನ್ನೆ ಯಾವ ಮೆಟ್ಟಿಲಲ್ಲಿತ್ತು, ಇಂದು ಎಲ್ಲಿದೆ ಎಂಬುದನ್ನು ತಾನೇ ಕಾಣುತ್ತದೆ. ಇನ್ನೊಂದು, ಕಲಿಕಾ ಚಪ್ಪರ. ತಲೆಯ ಮೇಲೆ ಕಟ್ಟಿದ ದಾರಗಳಿಗೆ ಮಕ್ಕಳು ಮಾಡಿದ ಚಿತ್ರ, ಬರಹಗಳನ್ನು ತೂಗುಹಾಕುತ್ತಾರೆ. ನಾಲ್ಕಾಣೆಯ ದಾರದಲ್ಲಿ ಇಡೀ ತರಗತಿಗೆ ಬಹುಮಾನ! ಅಲ್ಲಿ ಮೊದಲನೆಯವನೂ ಇಲ್ಲ, ಕೊನೆಯವನೂ ಇಲ್ಲ.

ಬಹುಮಾನ ಕೊಡುವವರು ಪಾಲಿಸಬೇಕಾದ ಕೆಲವು ನಿಯಮಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಳ್ಳೆಯದು ನಡೆದ ದಿನವೇ ಕೊಡಿ, ವಾರ್ಷಿಕೋತ್ಸವದವರೆಗೆ ಕಾಯಿಸಬೇಡಿ. ಮೊದಲೇ ಆಸೆ ತೋರಿಸಬೇಡಿ. ಒಮ್ಮೆ ಕೊಟ್ಟದ್ದನ್ನು ಕೋಪದಲ್ಲಿ ಹಿಂದಕ್ಕೆ ಕಿತ್ತುಕೊಳ್ಳಬೇಡಿ. ನಿನ್ನೆಯ ಒಳ್ಳೆಯತನ ಇಂದಿನ ತಪ್ಪಿನಿಂದ ಸುಳ್ಳಾಗುವುದಿಲ್ಲ. ಒಂದು ಮಗುವನ್ನು ಇನ್ನೊಂದರೊಡನೆ ತೂಗಬೇಡಿ. ಮಾಡದ ಕೆಲಸಕ್ಕೆ ಹುಸಿಹೊಗಳಿಕೆ ಕೊಡಬೇಡಿ. ಮಕ್ಕಳು ಸುಳ್ಳನ್ನು ನಮಗಿಂತ ಬೇಗ ಗುರುತಿಸುತ್ತಾರೆ. ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕ ತೆರೆದು, ಈ ತಿಂಗಳು ನಾನು ಒಂದು ಚೀಟಿಯನ್ನೂ ಬರೆಯದ ಮಗು ಯಾವುದು ಎಂದು ನೋಡಿ. ಮರುದಿನ ಆ ಮಗುವಿನ ಮೇಲೆ ಕಣ್ಣಿಡಿ. ಒಳ್ಳೆಯದು ಕಂಡೇ ಕಾಣುತ್ತದೆ. ಮಗುವಿಗೆ ಆ ನಡತೆ ಒಗ್ಗಿದ ಮೇಲೆ ಚೀಟಿಗಳನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಿ. ಚಪ್ಪರಕ್ಕೆ ಬಳ್ಳಿ ಹಬ್ಬುವವರೆಗೆ ಕೋಲಿನ ಆಸರೆ ಬೇಕು, ಹಬ್ಬಿದ ಮೇಲೆ ಬೇಡ.

ಅಳತೆಯ ವಿಷಯದಲ್ಲಿ ಯೇಸುಸ್ವಾಮಿಯೇ ನಮಗೆ ಮೇಲ್ಪಂಕ್ತಿ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಧನಿಕರು ಹೇರಳವಾಗಿ ಹಾಕುತ್ತಿದ್ದರೂ ಅವರ ಕಣ್ಣು ನಿಂತದ್ದು ಎರಡು ಪುಡಿಗಾಸು ಹಾಕಿದ ಬಡ ವಿಧವೆಯ ಮೇಲೆ. ಆಕೆ ಹಾಕಿದ್ದು ಎಷ್ಟೆಂದು ಅವರು ನೋಡಲಿಲ್ಲ, ಆಕೆಯ ಬಳಿ ಉಳಿದದ್ದು ಎಷ್ಟೆಂದು ನೋಡಿದರು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯವರ ಹೆಸರಿನಲ್ಲಿ ಈ ಸೀಮೆಯ ಜನರೆಲ್ಲರ ಬಾಯಲ್ಲಿರುವ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತನ್ನೂ ನಾನು ಈ ಬೆಳಕಿನಲ್ಲಿಯೇ ಅರ್ಥಮಾಡಿಕೊಳ್ಳುತ್ತೇನೆ. ಮಾಡಿದಷ್ಟು ಎಂಬುದನ್ನು ಅಳೆಯಬೇಕಾದರೆ, ಯಾವ ಕಷ್ಟದ ನಡುವೆ ಮಾಡಿದನೆಂಬುದೂ ನಮಗೆ ತಿಳಿದಿರಬೇಕು. ಹನ್ನೊಂದು ದಿನ ಬಾರದವಳು ಉಳಿದ ದಿನಗಳಲ್ಲಿ ಹೇಗೆ ಬಂದಳೆಂಬುದು ನನಗೆ ತಿಳಿದಿತ್ತು. ನಾನು ಅದನ್ನು ಅಳತೆಗೆ ಹಿಡಿಯಲಿಲ್ಲ.

ಮ್ಯಾಸನಾಯಕರ ಕಟ್ಟೆಮನೆಯೆಂದು ಹೆಸರಾದ ನನ್ನಿವಾಳದ ಕಡೆಗೆ ಹೋದವರು ದೇವರ ಎತ್ತುಗಳನ್ನೂ ಅವುಗಳನ್ನು ಕಾಯುವ ಕಿಲಾರಿಯನ್ನೂ ಕಂಡಿರಬಹುದು. ಆತನ ಕಸುಬೆಲ್ಲ ನೋಟದಲ್ಲಿದೆ. ಯಾವ ರಾಸು ಮೇವು ಬಿಟ್ಟಿದೆ, ಯಾವುದು ಕಾಲೆಳೆಯುತ್ತಿದೆ, ಯಾವುದು ಹಿಂದೆ ಉಳಿಯಿತು ಎಂಬುದನ್ನು ದೂರದಿಂದಲೇ ಬಲ್ಲ. ಒಳ್ಳೆಯ ಕುರುಬನ ದೃಷ್ಟಾಂತವನ್ನು ಆ ಸೀಮೆಯವರಿಗೆ ಹೇಳುವಾಗ ನಾನು ಹೆಚ್ಚು ವಿವರಿಸಬೇಕಾಗುವುದಿಲ್ಲ. ಉಪಾಧ್ಯಾಯನಿಗೂ ಬೇಕಾದುದು ಆ ಕಣ್ಣೇ.

ಆ ಕಡೆಯ ಒಂದು ಹಟ್ಟಿಗೆ ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದೆ. ಕುರಿ ಕಾಯುವ ಮನೆ. ಹುಡುಗ ಮೂರನೆಯ ತರಗತಿ. ಅವನ ತಂದೆಗೆ ಓದು ಬಾರದು. ನಾನು ಓದಿದವನೆಂದು ತಿಳಿದು ಆತ ಒಳಗಿನ ಟ್ರಂಕಿನಿಂದ ರೇಷನ್ ಕಾರ್ಡನ್ನು ಹೊರತೆಗೆದ. ಸರ್ಕಾರದ ಕೆಲಸವೇನೋ ಇರಬೇಕೆಂದು ನಾನು ಭಾವಿಸಿದೆ. ಆತ ಕಾರ್ಡಿನ ಮಡಿಕೆಯೊಳಗಿನಿಂದ ಲಗ್ನಪತ್ರಿಕೆಯ ಒಂದು ತುಂಡನ್ನು ತೆಗೆದು ಕೊಟ್ಟು, "ಇದನ್ನ ಓದ್ರಿ ಸ್ವಾಮಿ, ಹುಡುಗ ಓದಿ ಹೇಳ್ಯಾನೆ. ಅವನು ಸೇರಿಸಿ ಹೇಳ್ತಾನೋ ಏನೋ" ಎಂದ. ಚೀಟಿಯಲ್ಲಿದ್ದುದು ಇಷ್ಟು: "ಇಂದು ನೀನು ನಿನ್ನ ಪೆನ್ಸಿಲನ್ನು ಎರಡು ತುಂಡು ಮಾಡಿ ಪಕ್ಕದವನಿಗೆ ಒಂದನ್ನು ಕೊಟ್ಟೆ." ಕೆಳಗೆ ಉಪಾಧ್ಯಾಯಿನಿಯ ರುಜು. ನಾನು ಓದಿದೆ. ಆತ ಇನ್ನೊಮ್ಮೆ ಓದಿಸಿದ. ಆಮೇಲೆ ಮಗನ ಕಡೆ ತಿರುಗಿ, "ನೀನು ಸೇರಿಸಿಲ್ಲ ಬಿಡು" ಎಂದು ಹೇಳಿ ಚೀಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿಟ್ಟ.

ಆ ಚೀಟಿಯನ್ನು ಬರೆದ ಉಪಾಧ್ಯಾಯಿನಿಗೆ ಅರ್ಧ ನಿಮಿಷ ಹಿಡಿದಿರಬಹುದು. ಅದನ್ನು ಬರೆಯುವ ಮೊದಲು, ನಲವತ್ತು ಮಕ್ಕಳ ಗದ್ದಲದ ನಡುವೆ, ಒಂದು ಪೆನ್ಸಿಲು ಎರಡಾದುದನ್ನು ಆಕೆ ಕಂಡಿದ್ದಳು. ಬೆಲೆಯಿರುವುದು ಆ ಕಾಣುವಿಕೆಗೆ.

ಶತಮಾನೋತ್ಸವದ ನೆನಪಿಗೆಂದು ಕಲ್ಲು, ಗಂಟೆ, ಗೋಪುರಗಳಿಗೆ ತಾವೆಲ್ಲ ಉದಾರವಾಗಿ ದಾನವಿತ್ತಿದ್ದೀರಿ. ದೇವರು ತಮಗೆ ಒಳ್ಳೆಯದು ಮಾಡಲಿ. ಖರ್ಚಿಲ್ಲದ ಇನ್ನೊಂದು ದಾನವನ್ನು ಇಂದು ಬೇಡುತ್ತೇನೆ. ಮನೆಯಲ್ಲಿ ಉಳಿದಿರುವ ಹಳೆಯ ಲಗ್ನಪತ್ರಿಕೆಗಳನ್ನು ಬರುವ ಭಾನುವಾರ ಬಲಿಪೂಜೆಗೆ ಬರುವಾಗ ತನ್ನಿರಿ. ದೇವಾಲಯದ ಬಾಗಿಲ ಬಳಿ ಒಂದು ಬುಟ್ಟಿಯನ್ನು ಇರಿಸಿರುತ್ತೇನೆ. ಧರ್ಮೋಪದೇಶ ತರಗತಿಯ ದೊಡ್ಡ ಮಕ್ಕಳು ಅವನ್ನು ಕತ್ತರಿಸಿ ಕಟ್ಟು ಕಟ್ಟುತ್ತಾರೆ. ಇಲ್ಲಿರುವ ಪ್ರತಿಯೊಬ್ಬ ಉಪಾಧ್ಯಾಯರೂ, ಅವರು ಯಾವ ಶಾಲೆಯವರಾದರೂ, ಯಾವ ಮತದವರಾದರೂ, ಒಂದೊಂದು ಕಟ್ಟನ್ನು ಕೊಂಡೊಯ್ಯಿರಿ. ಮೊದಲ ಕಟ್ಟನ್ನು ನಾನೇ ಇಟ್ಟುಕೊಳ್ಳುತ್ತೇನೆ. ಬಂದ ದಿನಕ್ಕೆ ಏನೂ ಇಲ್ಲವೇ ಎಂದು ಕೇಳಿದ ಆ ಮಗುವಿಗೆ ನಾನು ಬರೆಯದೆ ಉಳಿಸಿದ ಚೀಟಿಯನ್ನು ಬೇರೆ ಮಕ್ಕಳಿಗಾದರೂ ಬರೆದು ತೀರಿಸಬೇಕಾಗಿದೆ.

 ದೇವರು ನಮ್ಮ ಮಕ್ಕಳನ್ನು ಆಶೀರ್ವದಿಸಲಿ.